ಪರಸ್ಥಾನಕ್ಕೆ ಹೋದ ಕಾಡತೂಸುಗಳು

ಸೇತುರಾಮನ ಕಾಡತೂಸುಗಳು ಆ ಭಾನುವಾರ ಅವನಿಗಿಂತ ಮೊದಲೇ ಮನೆ ಬಿಟ್ಟು ಹೊರಟುಹೋಗಿದ್ದವು.

ಅವನಿಗೆ ಅದು ತಕ್ಷಣ ಗೊತ್ತಾಗಲಿಲ್ಲ. ಸೇತುರಾಮನಿಗೆ ಯಾವುದೂ ತಕ್ಷಣ ಗೊತ್ತಾಗುವುದಿಲ್ಲ. ಎದ್ದು, ಕಾಫಿ ಲೋಟ ಹಿಡಿದು ಕಿಟಕಿಯ ಹತ್ತಿರ ನಿಂತ. ಪುಟ್ಟೇನಹಳ್ಳಿ ಕೆರೆಯ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ಸ್ಕೂಲಿಗೆ ರಜೆ ಇರುವ ಮಗುವಿನ ಹಾಗೆ ಆ ಮಗ್ಗುಲಿಗೊಮ್ಮೆ ಈ ಮಗ್ಗುಲಿಗೊಮ್ಮೆ ಹೊರಳುತ್ತಿತ್ತು. ಅದರೊಳಗೆ ಸೇತುರಾಮನಿಗೆ ಒಂದು ವೇದಿಕೆ ಕಂಡಿತು. ವೇದಿಕೆಯ ಮೇಲೆ ಶಾಲು ಹೊದ್ದು, ಬೆಳ್ಳಿಯ ಟ್ರೋಫಿ ಎತ್ತಿ ಹಿಡಿದ ತಾನೇ ಕಂಡ. ಅಷ್ಟರಲ್ಲಿ ಒಂದು ನೀರುಕೋಳಿ ಅಡ್ಡ ಈಜಿ ವೇದಿಕೆಯೆಲ್ಲ ಕರಗಿಹೋಯಿತು. ಕಾಫಿಯೂ ಆರಿಹೋಗಿತ್ತು. ಆಮೇಲೆ ಬಂದು ಬೀರುವಿನ ಬೀಗ ತೆಗೆದ. ರೈಫಲ್ ಇತ್ತು. ಅದನ್ನು ಒರೆಸುವ ಬಟ್ಟೆ ಇತ್ತು. ಕಾಡತೂಸಿನ ಡಬ್ಬ ಮಾತ್ರ ಇರಲಿಲ್ಲ.

"ಅಮ್ಮಾ! ಬೀರು ಯಾರಾದ್ರೂ ತೆಗೆದ್ರಾ?"

ದೇವರಮನೆಯಿಂದ ತಾಯಿ ಬತ್ತಿ ಹೊಸೆಯುತ್ತಲೇ ಹೇಳಿದರು. "ನಾನೇ ಕಣೋ. ಪರಸ್ಥಾನ ಇಟ್ಟು ಬಂದೆ."

ಪರಸ್ಥಾನ ಎಂದರೆ ಗ್ರಹಗಳಿಗೆ ಟೋಪಿ ಹಾಕುವ ಹಳೆಯ ವಿದ್ಯೆ. ಹೊರಡುವ ಹೊತ್ತು ಒಳ್ಳೆಯದಲ್ಲದಿದ್ದರೆ, ಒಳ್ಳೆಯ ಹೊತ್ತಿನಲ್ಲೇ ಪ್ರಯಾಣದ ಗಂಟೊಂದನ್ನು ಒಯ್ದು ನೆರೆಮನೆಯಲ್ಲಿ ಇಟ್ಟುಬಿಡುವುದು. ಅಲ್ಲಿಗೆ ಪ್ರಯಾಣ ಶುರುವಾಯಿತು ಅಂತ ಲೆಕ್ಕ. ಮನುಷ್ಯ ಆಮೇಲೆ ಯಾವ ಹಾಳು ಹೊತ್ತಿನಲ್ಲಿ ಬೇಕಾದರೂ ಎದ್ದು ಹೋಗಿ, ದಾರಿಯಲ್ಲಿ ಗಂಟನ್ನು ಎತ್ತಿಕೊಂಡರಾಯಿತು. ಗಂಟು ಮಾತ್ರ ತಿರುಗಿ ಸ್ವಂತ ಮನೆಯ ಹೊಸಿಲು ತುಳಿಯಬಾರದು.

"ನೀನು ಹೊರಡೋ ಹೊತ್ತಿಗೆ ಯಮಗಂಡ, ಗುಂಡು ಹೊಡೆಯೋ ಹೊತ್ತಿಗೆ ರಾಹುಕಾಲ. ಏನು ಮಾಡ್ಲಿ ಹೇಳು?" ಎಂದರು ತಾಯಿ.

"ಒಂದು ಪಂಚೆ ಇಟ್ಟು ಬರಬಹುದಿತ್ತಲ್ಲಮ್ಮ!"

"ಪಂಚೆ ಹೋಗಿ ಗುರಿ ಹೊಡೆಯತ್ತೇನೋ? ಯಾವುದು ಮುಖ್ಯವೋ ಅದನ್ನೇ ಇಡಬೇಕು. ಕೆಂಪು ವಸ್ತ್ರದಲ್ಲಿ ಕಟ್ಟಿ, ಅಕ್ಷತೆ ಹಾಕಿ ಬೈರಮ್ಮನ ಕೈಗೆ ಕೊಟ್ಟಿದೀನಿ."

ಸೇತುರಾಮ ಕುರ್ಚಿಯ ಬೆನ್ನು ಹಿಡಿದುಕೊಂಡ. ಕಾಡತೂಸು ಲೈಸೆನ್ಸ್ ಇದ್ದವನ ಕೈಬಿಟ್ಟು ಬೇರೆ ಮನೆಗೆ ಹೋಗುವಂತಿಲ್ಲ ಎಂಬುದು ಒಂದು ಭಯ. ಆ ಬೇರೆ ಮನೆಯಲ್ಲಿ ಬೈರಮ್ಮನ ಮಗ ಕೆಂಪರಾಜು ವಾಸವಾಗಿದ್ದಾನೆ ಎಂಬುದು ಅದರಪ್ಪನಂಥ ಭಯ. ಏಕೆಂದರೆ ಆವತ್ತು ರೈಫಲ್ ಸಂಘದ ಪಂದ್ಯದಲ್ಲಿ ಸೇತುರಾಮ ಸೋಲಿಸಬೇಕಾಗಿದ್ದುದೇ ಕೆಂಪರಾಜುವನ್ನು.

ಇಲ್ಲಿ ಸ್ವಲ್ಪ ಬಂದೂಕಿನ ವೇದಾಂತ ಹೇಳಬೇಕು, ಬೇಜಾರು ಮಾಡಿಕೊಳ್ಳಬೇಡಿ. ದೂರದ ಗುರಿ ಹೊಡೆಯುವವರಲ್ಲಿ ಎರಡು ಮತ ಇವೆ. ಒಂದು ಬೇಗದ ಮತ. ಗುಂಡು ಜೋರಾಗಿ ಹೊರಟರೆ ಬಗ್ಗದೆ ನೆಟ್ಟಗೆ ಹೋಗುತ್ತದೆ, ಗಾಳಿಗೆ ಅದನ್ನು ಪಕ್ಕಕ್ಕೆ ತಳ್ಳಲು ಪುರುಸೊತ್ತೇ ಸಿಗುವುದಿಲ್ಲ. ಆದರೆ ಆ ವೇಗ ಹುಟ್ಟಿಸುವ ಬೆಂಕಿ ನಳಿಗೆಯ ಒಳಗನ್ನು ನೆಕ್ಕಿ ನೆಕ್ಕಿ ಸವೆಸುತ್ತದೆ. ಸವೆದ ನಳಿಗೆಯಿಂದ ಹೊರಟ ಗುಂಡು ಕುಡಿದವನ ಹಾಗೆ ಎಲ್ಲೆಂದರಲ್ಲಿ ಹೋಗುತ್ತದೆ. ಇನ್ನೊಂದು ನಿಧಾನದ ಮತ. ಗುಂಡು ಮೆತ್ತಗೆ ಹೋಗುತ್ತದೆ, ಬಾಗುತ್ತದೆ, ಗಾಳಿಯ ಜೊತೆ ಒಂದಿಷ್ಟು ಹರಟುತ್ತದೆ. ಆದರೆ ನಳಿಗೆ ಬಹುಕಾಲ ಬಾಳುತ್ತದೆ.

ಕೆಂಪರಾಜು ಬೇಗದ ಮತದವನು. ಹಳೆಯ ಪುಟ್ಟೇನಹಳ್ಳಿಯ ಜಮೀನಿನ ಮನೆತನ, ಈಗ ಅದೇ ಜಮೀನಿನ ಮೇಲೆ ಬಾಡಿಗೆ ಮನೆಗಳು. ನಳಿಗೆ ಸವೆದರೆ ಹೊಸದು ಹಾಕಿಸುತ್ತಾನೆ. ಮೊನ್ನೆ ತಾನೇ ಹಾಕಿಸಿದ್ದ. ಪ್ರತಿವರ್ಷ ಸಂಘದ ಟ್ರೋಫಿ ಅವನದೇ.

ಸೇತುರಾಮ ಜಯನಗರದ ಒಂದು ವಿಮಾ ಕಚೇರಿಯ ಗುಮಾಸ್ತ. ಅವನ ರೈಫಲ್ ಮಾವನವರದು, ಅವರು ತೀರಿಕೊಂಡ ಮೇಲೆ ಲೈಸೆನ್ಸ್ ಇವನ ಹೆಸರಿಗೆ ಬಂದದ್ದು. ಆ ಕಾಲದ ನಳಿಗೆ ಈಗ ಹುಡುಕಿದರೂ ಸಿಗುವುದಿಲ್ಲ. ಅದಕ್ಕೇ ಅವನು ಅತ್ಯಂತ ನಿಧಾನದ ಕಾಡತೂಸು ಹಾಕುತ್ತಾನೆ, ಅದನ್ನೂ ಹಬ್ಬಕ್ಕೊಮ್ಮೆ ಹುಣ್ಣಿಮೆಗೊಮ್ಮೆ. ಪ್ರತಿವರ್ಷ ಕೊನೆಯಿಂದ ಮೊದಲನೆಯವನಾಗಿ ಬರುತ್ತಾನೆ. ಹಾಗೆಂದು ಅವನಿಗೆ ದುಃಖವೇನೂ ಇರಲಿಲ್ಲ. ಬಂದೂಕಿನ ಕುದುರೆ ಒತ್ತಿದ ಮೇಲೆ ಗುಂಡು ಗುರಿ ಮುಟ್ಟುವ ತನಕ ಒಂದು ಸಣ್ಣ ಬಿಡುವು ಇರುತ್ತದಲ್ಲ, ನಿಧಾನದ ಗುಂಡಿಗೆ ಅದು ಕೊಂಚ ಉದ್ದ. ಆ ಬಿಡುವಿನಲ್ಲಿ ಸೇತುರಾಮ ಕನಸು ಕಾಣುತ್ತಿದ್ದ. ಇನ್ನೂ ತಗುಲಿಲ್ಲ, ತಪ್ಪಿಯೂ ಇಲ್ಲ. ಇಡೀ ಜೀವನದಲ್ಲಿ ಅವನಿಗೆ ಅಷ್ಟು ಸುಖ ಕೊಟ್ಟ ಹೊತ್ತು ಇನ್ನೊಂದಿರಲಿಲ್ಲ.

ಆದರೆ ಹೆಂಡತಿ ಕಾತ್ಯಾಯಿನಿಗೆ ಬೀರು ಬೇಕಾಗಿತ್ತು. ನವರಾತ್ರಿ ಹತ್ತಿರ ಬಂದಿತ್ತು. ಗೊಂಬೆಗಳೆಲ್ಲ ಅಟ್ಟದ ಮೇಲೆ ಹಳೆಯ ಸೀರೆ ಸುತ್ತಿಕೊಂಡು ವರ್ಷಗಟ್ಟಲೆ ಮಲಗಿದ್ದವು. ಹಿಂದಿನ ವಾರ ಅವಳು ಕಡ್ಡಿ ಮುರಿದ ಹಾಗೆ ಹೇಳಿದ್ದಳು.

"ರೀ, ನಮ್ಮಪ್ಪ ಈ ರೈಫಲ್‌ನಲ್ಲಿ ಹೊಡೀತಿದ್ರು. ನೀವು ಬರೀ ಒರೆಸ್ತೀರಿ. ಒರೆಸೋಕೆ ಮನೇಲಿ ಬೇಕಾದಷ್ಟು ಪಾತ್ರೆ ಇದೆ. ಈ ಸಲ ಟ್ರೋಫಿ ತಂದ್ರೆ ರೈಫಲ್ ಮನೇಲಿರತ್ತೆ, ಗೊಂಬೆ ಅಟ್ಟದ ಮೇಲಿರತ್ತೆ. ತರ್ಲಿಲ್ಲವೋ, ಸೋಮವಾರ ಬೆಳಗ್ಗೆ ಡೀಲರ್ ಅಂಗಡಿಗೆ ಕೊಟ್ಟು ಬನ್ನಿ. ನಮ್ಮಪ್ಪನ ಆಣೆಗೂ ನಾನು ಅಳಲ್ಲ."

ಹೀಗಿರುವಾಗ ಕಾಡತೂಸು ಶತ್ರುವಿನ ಮನೆಯಲ್ಲಿ.

ಸೇತುರಾಮ ಬನಿಯನ್ನಿನಲ್ಲೇ ಪಕ್ಕದ ಮನೆಗೆ ಓಡಿದ. ಬೈರಮ್ಮ ಅಂಗಳದಲ್ಲಿ ಸೊಪ್ಪು ಸೋಸುತ್ತಿದ್ದಳು.

"ಬೈರಮ್ಮೋರೇ, ನಮ್ಮ ಗಂಟು?"

"ಭದ್ರವಾಗ್ ಮಡಗಿವ್ನಿ ಸೇತಪ್ಪ. ಮದ್ದಿನ ಸಾಮಾನು, ಬೋ ಉಷ್ಣ ಅಲ್ವಾ? ನಮ್ಮಾವ ಕೇಪಿನ ಕೋವಿ ಮದ್ದನ್ನ ನೀರಿನ ಹರವಿ ಪಕ್ಕ ಮಡಗೋರು. ಈಗ ಹರವಿ ಎಲ್ಲೈತೆ? ಅದ್ಕೇ ಫ್ರಿಜ್ಜಲ್ಲಿ ಮಡಗಿದೆ."

ಸೇತುರಾಮ ಫ್ರಿಜ್ಜಿನ ಬಾಗಿಲು ತೆಗೆದ. ಕೆಂಪು ವಸ್ತ್ರ ಮಡಿಚಿ ದೋಸೆ ಹಿಟ್ಟಿನ ಮೇಲಿತ್ತು. ಬಾಗಿಲಿನಲ್ಲಿ ಮೊಟ್ಟೆ ಇಡುವ ಗುಳಿಗಳಲ್ಲಿ ಅವನ ಕಾಡತೂಸುಗಳು ಒಂದೊಂದು ಗುಳಿಗೆ ಒಂದೊಂದರಂತೆ, ನಾಲ್ಕು ಮೊಟ್ಟೆಗಳ ಸಮೇತ, ಗ್ರೂಪ್ ಫೋಟೋಗೆ ನಿಂತ ಹಾಗೆ ನಿಂತಿದ್ದವು. ತಣ್ಣಗೆ ಬೆವರಿದ್ದವು.

"ಡಬ್ಬ ಹಿಡೀಲಿಲ್ಲ ಕಣಪ್ಪ. ತೂತಿಗೆ ಎಷ್ಟ್ ಚೆಂದ ಕೂತ್ಕೊಂಡ್ವು ನೋಡು!"

ಬೆನ್ನಿಗೇ ಬಂದು ಬಾಗಿಲಿನಿಂದ ಇಣುಕಿ ನೋಡಿದ ತಾಯಿಗೆ ಎದೆ ಒಡೆಯಿತು. "ಮೊಟ್ಟೆ ಜೊತೆಗಾ? ಶಿವ ಶಿವಾ! ಪರಸ್ಥಾನದ ಗಂಟು ಮೊಟ್ಟೆ ಪಕ್ಕ! ಲೋ ಸೇತು, ಇಲ್ಲಿ ಕೊಡೋ, ಅರಿಶಿನದ ನೀರಲ್ಲಿ ಒಂದು ಸಲ ಅದ್ದಿ ಕೊಡ್ತೀನಿ."

"ಅಮ್ಮಾ, ನೀರು ತಾಗಿಸಿದ್ರೆ ನಾನು ಸನ್ಯಾಸ ತಗೋತೀನಿ!"

ಮೈಲಿಗೆಯ ಚಿಂತೆ ತಾಯಿಯದಾದರೆ ಮಗನ ಚಿಂತೆಯೇ ಬೇರೆ. ತಣ್ಣಗಿರುವ ಮದ್ದು ಸೋಮಾರಿಯಾಗಿ ಉರಿಯುತ್ತದೆ. ಗುಂಡು ಇನ್ನೂ ನಿಧಾನವಾಗಿ ಹೊರಡುತ್ತದೆ, ಹೋಗುತ್ತಾ ಹೋಗುತ್ತಾ ಇನ್ನೂ ಕೆಳಗೆ ಬಾಗುತ್ತದೆ. ಮೊದಲೇ ಅವನದು ಎತ್ತಿನಗಾಡಿ. ಈಗ ಎತ್ತಿಗೆ ಜ್ವರ ಬಂದ ಹಾಗಾಯಿತು. ಇಷ್ಟು ವರ್ಷ ತಾಳೆ ನೋಡಿ ಕೂರಿಸಿಕೊಂಡಿದ್ದ, ರೈಫಲ್ ಮೇಲಿನ ದುರ್ಬೀನಿನ ಲೆಕ್ಕವೆಲ್ಲ ನೀರುಪಾಲು. ಅವನಿಗೆ ನಿಜಕ್ಕೂ ಅಳು ಬಂತು.

ಆಗ ಒಳಗಿನಿಂದ ಕೆಂಪರಾಜು ಬಂದ. ಹೆಗಲ ಮೇಲೆ ಟವಲ್ಲು, ಬಾಯಲ್ಲಿ ಬ್ರಷ್ಷು. ವಿಷಯ ಕೇಳಿ ನಗುತ್ತಾನೆ ಎಂದು ಸೇತುರಾಮ ಕಾದ. ಅವನು ನಗಲಿಲ್ಲ, ಗಾಬರಿಯಾದ.

"ಅಯ್ಯೋ ಅವ್ವಾ, ಏನ್ ಕೆಲ್ಸ ಮಾಡಿದ್ದೀಯೇ! ಸೇತಣ್ಣ, ಟೆನ್ಷನ್ ತಗೋಬೇಡಿ. ನೀವು ಇವತ್ತು ಹೊಡೀಲೇಬೇಕು. ಟೆರೇಸ್ ಮೇಲೆ ಒಳ್ಳೇ ಬಿಸಿಲಿದೆ, ಅಲ್ಲೇ ಹರಡೋಣ. ಮಧ್ಯಾಹ್ನದ ಹೊತ್ತಿಗೆ ಸರಿ ಹೋಗತ್ತೆ. ನಿಮ್ಮನ್ನ ನಾನೇ ಕರ್ಕೊಂಡು ಹೋಗ್ತೀನಿ, ಆಟೋ ಗೀಟೋ ಬೇಡ."

ಶತ್ರುವಿನ ಬಾಯಿಂದ ಇಂಥ ಮಾತು! ಸೇತುರಾಮ ಕಣ್ಣರಳಿಸಿ ನೋಡಿದ. ಕೆಂಪರಾಜು ಲೈಸೆನ್ಸಿನ ವಿಷಯವನ್ನೂ ಎತ್ತಲಿಲ್ಲ. ಒಂದೊಂದೇ ಕಾಡತೂಸನ್ನು ತನ್ನ ಟವಲ್ಲಿನಿಂದಲೇ ಒರೆಸಿ, ಸೇತುರಾಮನ ಕೈಗೇ ಕೊಟ್ಟು, ಮೆಟ್ಟಿಲು ಹತ್ತಿಸಿದ.

ಟೆರೇಸಿನ ಮೇಲೆ ಬೈರಮ್ಮ ಸಾರಿನ ಪುಡಿಗೆಂದು ಬ್ಯಾಡಗಿ ಮೆಣಸಿನಕಾಯಿ ಹರಡಿದ್ದಳು. ಅದರ ಪಕ್ಕದಲ್ಲೇ ಕೆಂಪು ವಸ್ತ್ರ ಹಾಸಿ ಕಾಡತೂಸುಗಳನ್ನು ಮಲಗಿಸಿದರು. ಕಾವಲಿಗೆ ಸೇತುರಾಮ ನೀರಿನ ಟ್ಯಾಂಕಿನ ನೆರಳಲ್ಲಿ ಕೂತ. ಅಕ್ಕಪಕ್ಕದ ಟೆರೇಸುಗಳಿಂದ ಸಲಹೆಗಳು ಬರತೊಡಗಿದವು. ಬಟ್ಟೆ ಒಣಹಾಕಲು ಬಂದ ಒಬ್ಬರು "ಮಗ್ಗುಲು ತಿರುಗಿಸ್ತಾ ಇರಿ ಸಾರ್, ಇಲ್ಲದಿದ್ರೆ ಒಂದು ಕಡೆ ಮಾತ್ರ ಕಾಯತ್ತೆ" ಎಂದರು. ಇನ್ನೊಬ್ಬರು ತಮ್ಮ ಹಪ್ಪಳಕ್ಕೆ ಹಾಕುವ ಸೊಳ್ಳೆಪರದೆಯನ್ನೇ ಎಸೆದರು. ಸೇತುರಾಮ ಎಲ್ಲರಿಗೂ ತಲೆದೂಗಿದ. ಬಿಸಿಲು ಬೆಚ್ಚಗೆ ಕಾಲ ಮೇಲೆ ಬಂದು ಕೂತಿತು. ಕೆರೆಯ ಗಾಳಿಯೂ ಮೆಣಸಿನಕಾಯಿಯ ಘಾಟೂ ಕಲೆತು, ಕಣ್ಣು ತಾನಾಗಿ ಮುಚ್ಚಿತು. ಕನಸಿನಲ್ಲಿ ಅವನ ಕಾಡತೂಸುಗಳು ಹಿತ್ತಾಳೆಯ ಹಂಸಗಳಾಗಿ ಕೆರೆಗೆ ಇಳಿದು, ಮೆಲ್ಲಗೆ, ಬಲು ಮೆಲ್ಲಗೆ, ಆ ದಡದ ಕಡೆ ಈಜುತ್ತಿದ್ದವು. ಯಾರಿಗೂ ಅವಸರವಿರಲಿಲ್ಲ.

"ರೀ! ಯಮಗಂಡ ಮುಗೀತಾ ಬಂತು! ಊಟ ಮಾಡಿ ಏಳಿ!" ಕಾತ್ಯಾಯಿನಿಯ ಕೂಗಿಗೆ ಹಂಸಗಳೆಲ್ಲ ಹಾರಿಹೋದವು.

ಕಾಡತೂಸು ಮುಟ್ಟಿ ನೋಡಿದ. ಚುರ್ ಎಂದಿತು.

ಈಗ ಉಲ್ಟಾ ಕತೆ. ಬಿಸಿಯಾದ ಮದ್ದು ಜೋರಾಗಿ ಉರಿದು ಗುಂಡು ಬೇಗ ಹೋಗುತ್ತದೆ, ಲೆಕ್ಕಕ್ಕಿಂತ ಮೇಲೆ ಬಡಿಯುತ್ತದೆ. ಮೇಲಾಗಿ ನಳಿಗೆ ಸವೆಯುತ್ತದೆ! ಮಾವನವರ ನಳಿಗೆಗೆ ಒಂದು ದಿನವೂ ಜ್ವರ ಬರದ ಹಾಗೆ ಕಾಪಾಡಿದವನು ಅವನು. ಗಂಟು ಕಟ್ಟುವ ಅವಸರದಲ್ಲಿ ಮೆಣಸಿನಕಾಯಿಯನ್ನೂ ಬಳಿದು ಆಚೆ ಸರಿಸಿದ. ಹಣೆಯ ಬೆವರು ಒರೆಸಿಕೊಂಡ. ಬಲಗಣ್ಣು ಉಜ್ಜಿಕೊಂಡ.

ಗುರಿ ಹಿಡಿಯುವ ಕಣ್ಣು ಅದು. ಅವನು ಹಾಕಿದ ಕೂಗಿಗೆ ಕೆರೆಯ ಆ ದಡದಲ್ಲಿ ವಾಕಿಂಗ್ ಮಾಡುತ್ತಿದ್ದವರೂ ನಿಂತು ನೋಡಿದರು.

ಕೆಂಪರಾಜುವಿನ ದೊಡ್ಡ ಕಾರು ಕನಕಪುರ ರಸ್ತೆ ಹಿಡಿದಾಗ ಮುಂದೆ ಸೇತುರಾಮ ಕಣ್ಣಿಗೆ ಒದ್ದೆ ಬಟ್ಟೆ ಒತ್ತಿಕೊಂಡು, ತೊಡೆಯ ಮೇಲೆ ಗಂಟು ಇಟ್ಟುಕೊಂಡು ಕೂತಿದ್ದ. ಹಿಂದೆ ತಾಯಿ, ಕಾತ್ಯಾಯಿನಿ, ಬೈರಮ್ಮ, ಒಂದು ಡಬ್ಬ ಪುಳಿಯೋಗರೆ. ಗಂಡಸರ ಆಟ ನೋಡಲು ಅವರು ಯಾವತ್ತೂ ಹೋದವರಲ್ಲ. ಆವತ್ತು ಪರಸ್ಥಾನದ ಮರ್ಯಾದೆಯ ಪ್ರಶ್ನೆ ಇತ್ತು.

"ಪಾಪ, ಗಂಟು ಇನ್ನೂ ಕಾದೈತೆ" ಎಂದು ಬೈರಮ್ಮ ಹಿಂದಿನಿಂದ ಕೈ ಚಾಚಿ ಅದನ್ನು ಎ.ಸಿ. ಗಾಳಿ ಬರುವ ಕಿಂಡಿಗೆ ಎತ್ತಿ ಹಿಡಿದಳು. ಬಟ್ಟೆಯೊಳಗೆ ಮುಖ ಮುಚ್ಚಿಕೊಂಡಿದ್ದ ಸೇತುರಾಮನಿಗೆ ಅದು ಕಾಣಲೇ ಇಲ್ಲ.

"ಸೇತಣ್ಣ, ಒಂದ್ ಮಾತು ಹೇಳ್ತೀನಿ" ಎಂದ ಕೆಂಪರಾಜು. "ಬಿಸಿ, ತಣ್ಣಗೆ ಅಂತ ತಲೆ ಕೆಡಿಸ್ಕೋಬೇಡಿ. ನಿಮ್ಮ ಹಳೇ ಸೆಟ್ಟಿಂಗ್‌ನಲ್ಲೇ ಹೊಡೀರಿ. ನಿಧಾನದ್ದೇ ಕರೆಕ್ಟು. ಈ ಫಾಸ್ಟ್ ಸಾವಾಸ ಯಾಕೆ ಬೇಕು? ಬ್ಯಾರಲ್ ತಿಂದ್ಹಾಕತ್ತೆ."

ಬೇಗದ ಮತದ ಪೀಠಾಧಿಪತಿಯೇ ಹೀಗೆ ಹೇಳಿದರೆ ಏನರ್ಥ? ಸೇತುರಾಮನಿಗೆ ಅನುಮಾನ ಬಂತು. ಇವನು ಹೇಳಿದ್ದಕ್ಕೆ ಉಲ್ಟಾ ಮಾಡಬೇಕು ಎಂದು ಒದ್ದೆ ಬಟ್ಟೆಯೊಳಗೇ ನಿಶ್ಚಯಿಸಿದ.

ಸಂಘದ ಮೈದಾನ ಎಂದರೆ ಹಳೆಯ ಕಲ್ಲುಕ್ವಾರಿ. ಈ ತುದಿಯಲ್ಲಿ ಶಾಮಿಯಾನ. ಆ ತುದಿಯಲ್ಲಿ, ಕಣ್ಣು ಕಿರಿದು ಮಾಡಿದರೆ ಕಾಣುವಷ್ಟು ದೂರ, ಬಂಡೆಯ ಕೆಳಗೆ ಬಿಳಿ ಹಲಗೆ. ನಡುವೆ ಮಳೆನೀರು ನಿಂತ ಹಸಿರು ಹೊಂಡ, ಅದರ ಮೇಲೆ ತೂಕಡಿಸುವ ಏರೋಪ್ಲೇನ್ ಚಿಟ್ಟೆಗಳು. ಗುಂಡು ಎಲ್ಲಿ ಬಿತ್ತೆಂದು ತೋರಿಸಲು ಶಾಮಿಯಾನದೊಳಗೆ ಒಂದು ಟಿ.ವಿ. ಇಟ್ಟಿದ್ದರು; ಗುಂಡು ತಗುಲಿದಲ್ಲಿ ಕೆಂಪು ಚುಕ್ಕೆ ಮೂಡುತ್ತಿತ್ತು. ಕಾರ್ಯದರ್ಶಿ ತಿಮ್ಮರಾಯಪ್ಪ ಮೈಕ್ ಹಿಡಿದಿದ್ದರು. ಮೈಕ್ ಸಿಕ್ಕಿದರೆ ಅವರು ಹೆಂಡತಿ ಮಕ್ಕಳನ್ನೂ ಮರೆಯುವವರು. ಅವರ ಸ್ವಾಗತ ಭಾಷಣ ಮುಗಿಯುವ ಹೊತ್ತಿಗೆ ಗುಳಿಕಕಾಲ ಮುಗಿಯುತ್ತಾ ಬಂದಿತ್ತು.

ಮೊದಲು ಬನಶಂಕರಿಯ ಹಲ್ಲಿನ ಡಾಕ್ಟರು ಹೊಡೆದರು. ವರ್ಷವಿಡೀ ಚೆನ್ನಾಗಿ ಹೊಡೆಯುವ ಮನುಷ್ಯ. ಚುಕ್ಕೆಗಳು ಹಲಗೆಯ ಅಂಚಿನಲ್ಲಿ ಗೋಡೆ ಹಿಡಿದು ನಡೆಯುವ ಇರುವೆಗಳ ಹಾಗೆ ಮೂಡಿದವು. ಆಮೇಲೆ ಅರೆಕೆರೆಯ ಹಾರ್ಡ್‌ವೇರ್ ಅಂಗಡಿಯವರು. ಅವರ ಒಂದು ಗುಂಡು ಹೊಂಡಕ್ಕೇ ಬಿದ್ದು ನೀರು ಚಿಮ್ಮಿತು. "ಛೆ, ಎಂಥಾ ಗಾಳಿ!" ಎಂದು ಅವರು ನಗುನಗುತ್ತಾ ಎದ್ದು ಬಂದರು. ಕೆಂಪರಾಜುವಂತೂ ಹೊಸ ನಳಿಗೆಯಿಂದ ಹಲಗೆಯ ಮೇಲಿನ ನಂಬರಿಗೇ ಹೊಡೆದು "ಅಯ್ಯಯ್ಯೋ" ಎಂದು ತೊಡೆ ತಟ್ಟಿಕೊಂಡ. ಎಲ್ಲರೂ ಒಬ್ಬರಿಗೊಬ್ಬರು ಕೈಕುಲುಕಿ ಸಮಾಧಾನ ಹೇಳಿಕೊಂಡರು. ಸೋಲನ್ನು ಇಷ್ಟು ದೊಡ್ಡ ಮನಸ್ಸಿನಿಂದ ತೆಗೆದುಕೊಳ್ಳುವವರನ್ನು ಕಂಡು ಸೇತುರಾಮನ ಎಡಗಣ್ಣಿನಲ್ಲೂ ನೀರು ಬಂತು.

"ನೋಡಿದ್ಯಾ ಕಾತ್ಯಾಯಿನಿ?" ಎಂದು ಪಿಸುಗುಟ್ಟಿದ. "ಎಲ್ಲಾ ಫಾಸ್ಟ್ ಪಾರ್ಟಿ. ಒಬ್ಬರದ್ದೂ ನಿಲ್ತಿಲ್ಲ. ನಾನು ಇಷ್ಟು ವರ್ಷದಿಂದ ಬಡ್ಕೋತಿದ್ದೆ, ವೇಗ ಅನ್ನೋದು ಮೋಸ ಅಂತ. ನಿಧಾನವೇ ಪ್ರಧಾನ."

"ಮೊದಲು ಹೊಡೀರಿ. ಆಮೇಲೆ ಗಾದೆ" ಎಂದಳು ಅವಳು.

ಅವನ ಸರದಿ ಬಂದಾಗ ಸರಿಯಾಗಿ ರಾಹುಕಾಲ ಶುರು. ಹೆಂಗಸರ ಸಾಲಿನಲ್ಲಿ ಗಂಭೀರ ಚರ್ಚೆ ನಡೆಯಿತು.

"ಗುಂಡು ಹೊರಟಾಗಿನ ಗಳಿಗೆ ಲೆಕ್ಕವೋ, ತಗುಲಿದಾಗಿನ ಗಳಿಗೆಯೋ?" ಎಂದು ಕಾತ್ಯಾಯಿನಿ ಕೇಳಿದಳು.

"ಎರಡೂ ಅಲ್ಲ" ಎಂದರು ತಾಯಿ. "ಅದು ಬೆಳಗ್ಗೆ ನಮ್ಮನೆ ಬಾಗಿಲು ದಾಟಿದಾಗಲೇ ಹೊರಟಾಯ್ತು. ಈಗ ಬರೀ ದಾರಿಯಲ್ಲಿದೆ. ರಾಹು ಬಂದು ಏನು ಮಾಡ್ತಾನೆ?"

"ಬೆಳಗ್ಗಿಂದ ಹೊರಟು ಇನ್ನೂ ಬಂದಿಲ್ವಾ? ಬೋ ನಿಧಾನದ ಗುಂಡು ಬುಡಿ ಅಮ್ಮೋರೆ" ಎಂದಳು ಬೈರಮ್ಮ.

ಸೇತುರಾಮ ಚಾಪೆಯ ಮೇಲೆ ಬೋರಲು ಮಲಗಿದ. ಬಲಗಣ್ಣಿನಲ್ಲಿ ಮೆಣಸಿನಕಾಯಿ ಇನ್ನೂ ಉರಿಯುತ್ತಿತ್ತು. ದುರ್ಬೀನಿನೊಳಗೆ ಹಲಗೆ ನೀರಿನಲ್ಲಿ ಅದ್ದಿದ ಚಿತ್ರದ ಹಾಗೆ ಆ ಕಡೆ ಈ ಕಡೆ ತೇಲಿತು. ಕಾಡತೂಸು ಬಿಸಿಯಾಗಿದೆ ಎಂಬ ನಂಬಿಕೆಯಿಂದ, ಕೆಂಪರಾಜುವಿನ ಮಾತಿಗೆ ಉಲ್ಟಾ, ಗುರಿಯನ್ನು ತಗ್ಗಿಸಿ ಮೊದಲ ಗುಂಡು ಹಾರಿಸಿದ. ಚುಕ್ಕೆ ಹಲಗೆಯ ಬುಡದಲ್ಲಿ ಮೂಡಿತು.

"ಹಳೇ ಸೆಟ್ಟಿಂಗ್ ಅಂದ್ನಲ್ಲ ಸೇತಣ್ಣಾ!" ಹಿಂದಿನಿಂದ ಕೆಂಪರಾಜು ಹೆರಿಗೆ ವಾರ್ಡಿನ ಹೊರಗೆ ನಿಂತ ಗಂಡನ ಹಾಗೆ ಚಡಪಡಿಸಿ ಕೂಗಿದ. "ನನ್ನ ಮಾತು ಕೇಳಿ, ಪ್ಲೀಸ್!"

ಅಷ್ಟು ಕಳಕಳಿಯ ದನಿಯಲ್ಲಿ ಸುಳ್ಳಿರಲು ಸಾಧ್ಯವಿಲ್ಲ. ಸೇತುರಾಮ ದುರ್ಬೀನಿನ ತಿರುಪನ್ನು ತನ್ನ ಹಳೆಯ ಗೆರೆಗೆ ತಂದ. ಫ್ರಿಜ್ಜು ಕೊಟ್ಟ ಚಳಿಯನ್ನು ಬಿಸಿಲು, ಬಿಸಿಲು ಕೊಟ್ಟ ಕಾವನ್ನು ಬೈರಮ್ಮನ ಎ.ಸಿ. ಕಳೆದು, ಕಾಡತೂಸುಗಳು ಯಾವತ್ತಿನ ತಮ್ಮ ಸೋಮಾರಿ ಸ್ಥಿತಿಗೇ ಬಂದು ಕೂತಿದ್ದವು ಎಂದು ಅವನಿಗೇನು ಗೊತ್ತು.

ಕುದುರೆ ಒತ್ತಿದ. ಆ ಬಿಡುವು ಬಂತು. ಕಣ್ಣೀರಿನಲ್ಲಿ ಕ್ವಾರಿಯೆಲ್ಲ ಹೊಳೆಯುತ್ತಿತ್ತು. ಗುಂಡಿನ ಬೆನ್ನೇರಿ ಅವನೂ ಹೊರಟ. ಹಸಿರು ಹೊಂಡದ ಮೇಲೆ, ಚಿಟ್ಟೆಗಳ ನಿದ್ದೆ ಕೆಡದ ಹಾಗೆ, ನೀಲಗಿರಿ ಮರಗಳ ನೆರಳು ಸವರಿಕೊಂಡು, ಸಂಜೆಯ ಬಿಸಿಲಿನೊಳಗೆ ಬಾಗುತ್ತಾ ಬಾಗುತ್ತಾ ಹೋದ. ಅಲ್ಲಿ ಕಚೇರಿಯ ಕಡತಗಳಿರಲಿಲ್ಲ, ಬೀರು ಇರಲಿಲ್ಲ, ಸೋಮವಾರ ಇರಲಿಲ್ಲ. ಮಾವನವರು ಬಂಡೆಯ ಮೇಲೆ ಕೂತು ಕಾಲಾಡಿಸುತ್ತಾ "ಬಾರಯ್ಯ, ನಿಧಾನವಾಗಿ ಬಾ" ಎನ್ನುತ್ತಿದ್ದರು.

ಟಿ.ವಿ.ಯಲ್ಲಿ ಚುಕ್ಕೆ ನಡುವೃತ್ತದೊಳಗೆ ಮೂಡಿತು. ಮುಂದಿನದೂ. ಅದರ ಮುಂದಿನದು ಸ್ವಲ್ಪ ಪಕ್ಕಕ್ಕೆ ಹೋಗಿ ಮತ್ತೆ ಒಳಕ್ಕೆ ಬಂತು. ಅದೇನು ಲೋಕವೇ ಬೆರಗಾಗುವ ಹೊಡೆತವಲ್ಲ. ಹೋದ ವರ್ಷವಾಗಿದ್ದರೆ ಕೊನೆಯ ಸ್ಥಾನಕ್ಕೆ ಸರಿಹೋಗುತ್ತಿತ್ತು. ಆದರೆ ಆವತ್ತು ಉಳಿದವರ ಇರುವೆಗಳ ಮುಂದೆ ಅದೇ ಆನೆ.

ಶಾಮಿಯಾನ ಚಪ್ಪಾಳೆಯಿಂದ ಹಾರಿಹೋಗುವಂತಾಯಿತು. ಹಲ್ಲಿನ ಡಾಕ್ಟರು ಅವನನ್ನು ತಬ್ಬಿಕೊಂಡರು. ಹಾರ್ಡ್‌ವೇರ್ ಅಂಗಡಿಯವರು ಎತ್ತಿ ಕುಣಿಸಿದರು. ಕೆಂಪರಾಜು ಕಣ್ಣೊರೆಸಿಕೊಂಡ. ಕಾತ್ಯಾಯಿನಿ ಎಲ್ಲರೆದುರು ಗಂಡನ ಬೆನ್ನು ತಟ್ಟಿ, "ನಮ್ಮಪ್ಪ ಇದ್ದಿದ್ರೆ..." ಎಂದು ನಿಲ್ಲಿಸಿದಳು. "ಆಯ್ತು. ಮಾತಿಗೆ ತಪ್ಪಲ್ಲ. ರೈಫಲ್ ಮನೇಲೇ ಇರ್ಲಿ." ಸೇತುರಾಮ ಕೈಗೆ ಬಂದ ಟ್ರೋಫಿಯನ್ನು ಎತ್ತಿ ಹಿಡಿದ. ಬೆಳಗ್ಗೆ ಮಂಜಿನಲ್ಲಿ ಕಂಡದ್ದೇ ಕಣ್ಣ ಮುಂದೆ ನಿಂತಿತ್ತು, ಶಾಲು ಸಮೇತ. ಇಂಥ ಸಂತೋಷವನ್ನು ಅವನು ಎಚ್ಚರವಿದ್ದಾಗ ಯಾವತ್ತೂ ಕಂಡಿರಲಿಲ್ಲ.

ತಿಮ್ಮರಾಯಪ್ಪ ಮೈಕ್ ಊದಿದರು. "ಬಂಧುಗಳೇ! ಮಹಾಸಭೆಯ ಠರಾವಿನ ಪ್ರಕಾರ, ಈ ವರ್ಷದಿಂದ ಗೆದ್ದವರ ರೈಫಲ್ಲು ಮುಂದಿನ ಪಂದ್ಯದ ತನಕ ಸಂಘದ ತರಬೇತಿಗೆ! ಹೊಸದಾಗಿ ಸೇರೋರೆಲ್ಲ ಚಾಂಪಿಯನ್ ರೈಫಲ್‌ನಲ್ಲೇ ಕಲೀಬೇಕು ಅಂತ ಅಲ್ವೇ ನಮ್ಮ ಆಸೆ? ಪೊಲೀಸ್ ಪರ್ಮಿಷನ್ ಎಲ್ಲ ನಾನು ಮಾಡ್ಸಿಟ್ಟಿದೀನಿ. ಕಾಡತೂಸೂ ಸಂಘದ್ದೇ. ನಮ್ಮ ಹತ್ರ ಇರೋದು ಬರೀ ಫಾಸ್ಟ್ ಐಟಂ, ಏನೂ ಕಮ್ಮಿ ಮಾಡಲ್ಲ. ದಿನಾ ಬೆಳಗ್ಗೆ, ಸಂಜೆ!"

ಸೇತುರಾಮ ಟ್ರೋಫಿಯನ್ನು ಎದೆಗವಚಿಕೊಂಡ. "ಯಾವ ಠರಾವು? ಯಾರು ಮಾಡಿದ್ದು?"

"ಏನ್ ಸಾರ್ ಹೀಗಂತೀರಿ? ಮೊದಲು ಕೈ ಎತ್ತಿ ಅನುಮೋದಿಸಿದವರೇ ನೀವು! ಬೇರೆಯವರೆಲ್ಲ ಮುಖ ಮುಖ ನೋಡ್ಕೊಳ್ತಿದ್ರು. ನೀವು ಕೈ ಎತ್ತಿದ್ದು ಮಾತ್ರ ಅಲ್ಲ, ನಗ್ತಾ ಬೀಸಿದ್ರಿ. ಅದನ್ನ ನೋಡೇ ಪಾಸಾಗಿದ್ದು."

ಸೇತುರಾಮನಿಗೆ ಆ ಮಹಾಸಭೆ ನೆನಪಾಯಿತು. ತಿಮ್ಮರಾಯಪ್ಪನವರ ಭಾಷಣ, ಫ್ಯಾನಿನ ಜೋಗುಳ, ಹೊಟ್ಟೆಯಲ್ಲಿ ಉಪ್ಪಿಟ್ಟು, ಕೇಸರಿಬಾತು. ತೆರೆದ ಜೀಪಿನಲ್ಲಿ ನಿಂತು ಜಯನಗರದ ಬೀದಿಗಳಲ್ಲಿ ಜನರತ್ತ ಕೈಬೀಸುತ್ತಾ ಅವನು ಮೆರವಣಿಗೆ ಹೋಗುತ್ತಿದ್ದ. ಎಷ್ಟು ಜನ ಸೇರಿದ್ದರು!

ಅವನು ಸುತ್ತ ನೋಡಿದ. ಡಾಕ್ಟರು ತಮ್ಮ ರೈಫಲನ್ನು ಮಗುವಿನ ಹಾಗೆ ಚೀಲದಲ್ಲಿ ಮಲಗಿಸಿ ಜಿಪ್ ಎಳೆಯುತ್ತಿದ್ದರು. ಹಾರ್ಡ್‌ವೇರ್ ಅಂಗಡಿಯವರು ಆಗಲೇ ಗೇಟಿನ ಹತ್ತಿರವಿದ್ದರು. ಕೆಂಪರಾಜು ಬೇರೆ ಕಡೆ ನೋಡುತ್ತಾ ತಲೆ ಕೆರೆದುಕೊಂಡ.

"ಬೇಜಾರ್ ಮಾಡ್ಕೋಬೇಡಿ ಸೇತಣ್ಣ. ನಂದು ಹೊಸ ಬ್ಯಾರಲ್ಲು. ಕಣ್ಣೆದುರೇ ಸುಟ್ಟಾಕ್ತಾರೆ ಅಂದ್ರೆ ಹೊಟ್ಟೆ ಉರಿಯಲ್ವಾ? ನೀವೊಬ್ರೇ ಗೆಲ್ಲೋಕೆ ಬಂದಿದ್ದು. ಅದಕ್ಕೇ ನಾವೆಲ್ಲ..."

"ಹೊಸದಾಗಿ ಸೇರೋರು ಯಾರಾದ್ರೂ ಇದ್ದೀರಾ?" ಎಂದು ಮೈಕ್ ಕೇಳಿತು. "ಸೇರಿದವರಿಗೆ ಇವತ್ತೇ, ಈ ರೈಫಲ್‌ನಲ್ಲೇ, ಒಂದು ಗುಂಡು ಫ್ರೀ!"

ಹೆಂಗಸರ ಸಾಲಿನಿಂದ ಒಂದು ಕೈ ಮೇಲೆದ್ದಿತು. ಬಳೆಗಳು ಮೊಣಕೈಗೆ ಜಾರಿದವು.

"ನಾನು ಸೇರ್ತೀನಿ" ಎಂದಳು ಕಾತ್ಯಾಯಿನಿ. "ನಮ್ಮಪ್ಪನ ರೈಫಲ್ ಮನೆಗೆ ಬಂದಾಗಿಂದ ಇವರು ನನಗೆ ಮುಟ್ಟೋಕೇ ಬಿಟ್ಟಿಲ್ಲ."

"ಬಹಳ ಸಂತೋಷ ಮೇಡಂ! ಸಂಘದ ಕಾಡತೂಸು ಕೊಡ್ಲಾ? ಫಾಸ್ಟ್ ಇರತ್ತೆ, ಸ್ವಲ್ಪ ಭುಜಕ್ಕೆ ಒದೆಯತ್ತೆ. ಇಲ್ಲ, ಯಜಮಾನರ ಹತ್ರ ಇನ್ನೂ ಒಂದೆರಡು ನಿಧಾನದ್ದು ಉಳಿದಿರಬಹುದು."

"ಕಾತ್ಯಾಯಿನೀ" ಎಂದ ಸೇತುರಾಮ, ಒಂದು ಕಣ್ಣಿನಲ್ಲಿ ಮೆಣಸಿನಕಾಯಿ, ಎರಡೂ ಕಣ್ಣಿನಲ್ಲಿ ನೀರು. "ನಿಮ್ಮಪ್ಪನ ಬ್ಯಾರಲ್ಲು ಕಣೇ..."

ಅವಳು ಸೆರಗು ಸಿಕ್ಕಿಸಿಕೊಂಡು ಚಾಪೆಯ ಕಡೆ ನಡೆದಳು.

"ಬೇಗ ಹೋಗೋದೇ ಕೊಡಿ ಸಾರ್. ಮನೆಗೆ ಹೋಗಿ ಅನ್ನಕ್ಕಿಡಬೇಕು."